ಜಾಲತಾಣದ ಗುಂಡಿಯೂ ನಮ್ಮ ಕನ್ನಡವೂ

ಕಳೆದ ವರ್ಷದ ಆಟಿ ತಿಂಗಳ ಒಂದು ಸಂಜೆ. ಶಾಲೆ ಬಿಟ್ಟು ಮಕ್ಕಳೆಲ್ಲ ಮನೆಗೆ ಮರಳಿದ್ದರು. ಹಾಜರಿ ಪುಸ್ತಕವನ್ನು ಕಪಾಟಿನಲ್ಲಿರಿಸಿ ಬೀಗ ತೆಗೆದುಕೊಳ್ಳುವ ಹೊತ್ತಿಗೆ ಆರನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಕೊಡೆ ಮಡಚುತ್ತ ಜಗಲಿಗೆ ಬಂದು ನಿಂತರು. ಬೀಡಿ ಕಟ್ಟಿ ಸಂಸಾರ ಸಾಗಿಸುವ ಹೆಣ್ಣುಮಗಳು. "ಮಾಷ್ಟ್ರೇ, ವಿದ್ಯಾರ್ಥಿವೇತನದ ಅರ್ಜಿಗೆ ಇವತ್ತೇ ಕಡೆಯ ದಿನವಂತೆ. ಪೇಟೆಗೆ ಹೋದೆ, ಅಲ್ಲಿ ಕಾಲಿಡಲು ಜಾಗವಿಲ್ಲ. ನೀವೊಮ್ಮೆ ನೋಡಬಹುದಾ?" ಎಂದರು.

ಶಾಲೆಯ ಕಂಪ್ಯೂಟರಿನ ಮುಂದೆ ಕುಳಿತು ಆ ಅರ್ಜಿಯ ಜಾಲತಾಣವನ್ನು ತೆರೆದೆ. ಹೆಸರು, ಜನ್ಮದಿನಾಂಕ, ಜಿಲ್ಲೆ, ತಾಲೂಕು, ಆದಾಯದ ಪ್ರಮಾಣಪತ್ರದ ಸಂಖ್ಯೆ, ಬ್ಯಾಂಕಿನ ಖಾತೆ, ಹೀಗೆ ಒಂದೊಂದನ್ನೇ ಕೇಳಿ ಕೇಳಿ ತುಂಬಿಸುತ್ತ ಮುಕ್ಕಾಲು ಗಂಟೆ ಕಳೆಯಿತು. ಪುಟದ ಬುಡದಲ್ಲಿ ಅಕ್ಕಪಕ್ಕದಲ್ಲಿ ಎರಡು ಗುಂಡಿಗಳಿದ್ದವು. ಎರಡಕ್ಕೂ ಒಂದೇ ಗಾತ್ರ, ಒಂದೇ ಬೂದಿಬಣ್ಣ, ಒಂದೇ ಬಗೆಯ ಸಣ್ಣ ಇಂಗ್ಲಿಷ್ ಅಕ್ಷರ. ನನ್ನ ಕನ್ನಡಕ ಹಣೆಯ ಮೇಲಿತ್ತು. ಬಲಗಡೆಯದನ್ನು ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿಸಿದ್ದೆಲ್ಲವೂ ಮಾಯವಾಗಿ ಪುಟವು ಬೆಳ್ಳಗೆ ನಿಂತಿತು. ಎಡಗಡೆಯದು ಅರ್ಜಿಯನ್ನು ಕಳುಹಿಸುವ ಗುಂಡಿ. ಬಲಗಡೆಯದು ಎಲ್ಲವನ್ನೂ ಒರೆಸಿಹಾಕುವ ಗುಂಡಿ. ಒರೆಸುವ ಮುನ್ನ ಅದು ನನ್ನನ್ನು ಒಂದು ಮಾತೂ ಕೇಳಲಿಲ್ಲ.

"ಹೋಯಿತಾ ಮಾಷ್ಟ್ರೇ?" ಎಂದು ಆ ತಾಯಿ ಕೇಳಿದರು. ಅರ್ಜಿ ಹೋಯಿತೇ ಎಂಬುದು ಅವರ ಪ್ರಶ್ನೆ. "ಹೋಯಿತು" ಎಂದೆ. ಆದರೆ ನಾನು ಹೇಳಿದ ಅರ್ಥವೇ ಬೇರೆಯಾಗಿತ್ತು.

ಮರುಗಳಿಗೆಯಲ್ಲಿ ಗುಡುಗಿ ಕರೆಂಟೂ ಹೋಯಿತು. ಅವರನ್ನೂ ಮಗಳನ್ನೂ ನಮ್ಮ ಮನೆಗೆ ಕರೆದೊಯ್ದು, ರಾತ್ರಿ ಹನ್ನೊಂದೂವರೆಗೆ ಮೊಬೈಲ್ ಫೋನಿನ ಮೂಲಕ ಅರ್ಜಿಯನ್ನು ಮತ್ತೆ ತುಂಬಿಸಿ ಕಳುಹಿಸಿದೆವು. ಆ ಮಗುವಿಗೆ ವಿದ್ಯಾರ್ಥಿವೇತನ ದೊರೆಯಿತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಓದುಗರಿಗೆ ಆತಂಕ ಬೇಡ. ಆದರೆ ಅರ್ಧ ಗಂಟೆ ತಡವಾಗಿದ್ದರೆ ಒಂದು ಬಡ ಕುಟುಂಬದ ಒಂದು ವರ್ಷದ ಆಸರೆ ನನ್ನ ಬೆರಳ ತುದಿಯಿಂದ ಜಾರಿಹೋಗುತ್ತಿತ್ತು.

ಮೂವತ್ತು ವರ್ಷ ಪಾಠ ಹೇಳಿದವನಿಗೆ ಎರಡು ಗುಂಡಿಗಳ ಭೇದ ತಿಳಿಯಲಿಲ್ಲವಲ್ಲ ಎಂಬ ನಾಚಿಕೆ ನನ್ನನ್ನು ಹಲವು ದಿನ ಕಾಡಿತು. ಬೆಂಗಳೂರಿನಲ್ಲಿ ಜಾಲತಾಣಗಳನ್ನು ರೂಪಿಸುವ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ಇದನ್ನು ಹೇಳಿಕೊಂಡೆ. ಅವನು ನಗಲಿಲ್ಲ. "ಮಾಷ್ಟ್ರೇ, ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು ಒಂದೇ ಲೆಕ್ಕವನ್ನು ತಪ್ಪಿದರೆ ನೀವು ಏನು ಹೇಳುತ್ತಿದ್ದಿರಿ?" ಎಂದು ಕೇಳಿದ. "ನನ್ನ ಪಾಠ ಸರಿಯಾಗಲಿಲ್ಲ, ಇನ್ನೊಮ್ಮೆ ಹೇಳುತ್ತೇನೆ ಎನ್ನುತ್ತಿದ್ದೆ" ಎಂದೆ. "ಇದೂ ಹಾಗೆಯೇ. ಆ ಗುಂಡಿಯನ್ನು ನಿಮ್ಮಂತೆ ಇನ್ನೂ ಎಷ್ಟೋ ಜನ ಒತ್ತಿರುತ್ತಾರೆ. ತಪ್ಪು ಬೆರಳಿನದಲ್ಲ, ಗುಂಡಿ ಇಟ್ಟವರದು" ಎಂದ.

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಬೇಸಗೆಯ ರಜೆಯಲ್ಲಿ ಅವನು ಊರಿಗೆ ಬಂದಾಗ ನಾವಿಬ್ಬರೂ ಸೇರಿ ನಮ್ಮ ಶಾಲೆಗೇ ಒಂದು ಪುಟ್ಟ ಜಾಲತಾಣವನ್ನು ಕನ್ನಡದಲ್ಲಿ ಸಿದ್ಧಪಡಿಸಿದೆವು. ಆ ಕೆಲಸದಲ್ಲಿ ನಾನು ಕಲಿತ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಗಡಿಯಾಚೆಯ ನಮ್ಮ ಕನ್ನಡ ಸಂಘಗಳು, ದೇವಸ್ಥಾನಗಳು, ಗ್ರಂಥಾಲಯಗಳು ಈಗ ಒಂದೊಂದಾಗಿ ಜಾಲತಾಣಗಳನ್ನು ತೆರೆಯುತ್ತಿರುವುದರಿಂದ ಇದು ಕೆಲವರಿಗಾದರೂ ಉಪಯುಕ್ತವಾದೀತು.

ಗುಂಡಿ ಬಂದ ದಾರಿ

ಕಂಪ್ಯೂಟರಿನ ತೆರೆಯ ಮೇಲೆ ಕಾಣುವ ಗುಂಡಿ ನಿಜವಾದ ಗುಂಡಿಯಲ್ಲ. ಅದು ಗುಂಡಿಯ ಚಿತ್ರ. ರೇಡಿಯೋದ ಗುಂಡಿಯನ್ನು ಒತ್ತಿದರೆ ಒಳಗೆ ಹೋದದ್ದು ಬೆರಳಿಗೆ ತಿಳಿಯುತ್ತದೆ. ತೆರೆಯ ಗುಂಡಿಗೆ ಆ ಗುಣವಿಲ್ಲ. ಆದ್ದರಿಂದ ಬೆರಳಿಗೆ ತಿಳಿಯಬೇಕಾದುದನ್ನು ಅದು ಕಣ್ಣಿಗೆ ತಿಳಿಸಬೇಕು. ಅಂಚು, ನೆರಳು, ತುಂಬಿದ ಬಣ್ಣ, ಒತ್ತಿದಾಗ ಬದಲಾಗುವ ಛಾಯೆ ಇವೆಲ್ಲ ಅದಕ್ಕಾಗಿಯೇ ಇರುವವು.

ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಅಮೆರಿಕದ ವಿಜ್ಞಾನಿ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸ್ ಎಂಬ ಸಾಧನವನ್ನು ಸಭೆಯ ಮುಂದೆ ಪ್ರದರ್ಶಿಸಿದರು. 1981ರಲ್ಲಿ ಜೆರಾಕ್ಸ್ ಕಂಪನಿಯ ಸ್ಟಾರ್ ಯಂತ್ರವೂ 1983ರಲ್ಲಿ ಆಪಲ್ ಕಂಪನಿಯ ಲೀಸಾ, ಮರುವರ್ಷ ಮ್ಯಾಕಿಂಟಾಶ್ ಯಂತ್ರಗಳೂ ಬಂದವು. ತೆರೆಯ ಮೇಲಂಚಿನ ಒಂದು ಪದವನ್ನು ಮುಟ್ಟಿದೊಡನೆ ಕೆಳಕ್ಕೆ ಜಾರಿ ತೆರೆದುಕೊಳ್ಳುವ ಪಟ್ಟಿಯನ್ನು ಜನಸಾಮಾನ್ಯರು ಕಂಡದ್ದು ಇಂತಹ ಯಂತ್ರಗಳಿಂದ. ಇದನ್ನೇ ಡ್ರಾಪ್‌ಡೌನ್ ಮೆನು ಎನ್ನುತ್ತಾರೆ. ಈ ಲೇಖನದ ಅನುಕೂಲಕ್ಕಾಗಿ ನಾನು ಇಳಿಪಟ್ಟಿ ಎಂದು ಕರೆಯುತ್ತೇನೆ. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಯೋಜಿಸಿದ ವಿಶ್ವವ್ಯಾಪಿ ಜಾಲವು 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡಿತು. ಆ ಜಾಲದ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯ ಎರಡನೆಯ ಆವೃತ್ತಿ 1995ರಲ್ಲಿ ಪ್ರಕಟವಾದಾಗ ಅರ್ಜಿ ತುಂಬುವ ಚೌಕಗಳು, ಇಳಿಪಟ್ಟಿ, ಕಳುಹಿಸುವ ಗುಂಡಿ ಮತ್ತು ನನ್ನನ್ನು ಕೆಡವಿದ ಆ ಒರೆಸುವ ಗುಂಡಿ ಎಲ್ಲವೂ ಅದರಲ್ಲಿ ಸೇರಿದ್ದವು.

ಆ ಒರೆಸುವ ಗುಂಡಿಯ ವಿಚಾರ ಬಲ್ಲವರಿಗೆ ಅಂದಿನಿಂದಲೂ ತಿಳಿದದ್ದೇ. ಜಾಲತಾಣಗಳ ಬಳಕೆಯನ್ನು ಕುರಿತು ಬಹುಕಾಲದಿಂದ ಬರೆಯುತ್ತಿರುವ ಜೇಕಬ್ ನೀಲ್ಸನ್, ಇಂತಹ ಗುಂಡಿಗಳನ್ನು ಬಹುಮಟ್ಟಿಗೆ ತೆಗೆದುಹಾಕಿದರೆ ಜಾಲವೇ ಸುಧಾರಿಸೀತೆಂದು 2000ದಲ್ಲಿಯೇ ವಾದಿಸಿದ್ದರು. ಯೋಚಿಸಿ ನೋಡಿ: ಅರ್ಜಿ ತುಂಬಿಸಿ ಮುಗಿಸಿದವನಿಗೆ ಅದನ್ನು ಪೂರ್ತಿ ಒರೆಸಿಹಾಕುವ ಅಗತ್ಯ ಎಷ್ಟು ಸಲ ಬಂದೀತು? ಕನ್ನಡದಲ್ಲಿ ಗುಂಡಿ ಎಂದರೆ ಅಂಗಿಗೆ ಹಾಕುವುದೂ ಹೌದು, ಕಾಲು ಜಾರಿ ಬೀಳುವುದೂ ಹೌದು. ಇದು ಎರಡನೆಯ ಬಗೆಯ ಗುಂಡಿ.

ಗಾತ್ರ, ಅಂತರ, ಬಣ್ಣ

ಅಧ್ಯಾಪಕ ತರಬೇತಿಯಲ್ಲಿ ನಮಗೆ ಕಪ್ಪುಹಲಗೆಯ ಬರವಣಿಗೆಯನ್ನು ಪ್ರತ್ಯೇಕವಾಗಿ ಕಲಿಸುತ್ತಿದ್ದರು. ಕೊನೆಯ ಬೆಂಚಿನ ಮಗುವಿಗೆ ಕಾಣದ ಅಕ್ಷರ ಬರೆಯದ ಅಕ್ಷರಕ್ಕೆ ಸಮ ಎಂಬುದು ಅಲ್ಲಿನ ಮೊದಲ ಪಾಠ. ಗುಂಡಿಗಳ ವಿಚಾರದಲ್ಲಿಯೂ ಇದೇ ಮೊದಲ ಪಾಠವೆಂದು ನನಗೆ ಕಂಡಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ಒಂದು ನಿಯಮವನ್ನು ಪ್ರಯೋಗಗಳಿಂದ ತೋರಿಸಿದರು. ಗುರಿ ದೂರವಾದಷ್ಟೂ ಕಿರಿದಾದಷ್ಟೂ ಅದನ್ನು ಮುಟ್ಟಲು ಕೈಗೆ ಹೆಚ್ಚು ಕಾಲ ಬೇಕು ಎಂಬುದೇ ಆ ನಿಯಮದ ಸಾರ. ಗೇರುಹಣ್ಣಿಗೆ ದೋಟಿ ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಚ್ಚು ಬಳಸುವ ಗುಂಡಿ ದೊಡ್ಡದಾಗಿರಬೇಕು, ಕೈಗೆ ಸಮೀಪದಲ್ಲಿರಬೇಕು. ಅಪಾಯದ ಗುಂಡಿ ದೂರದಲ್ಲಿರಬೇಕು. ಮೊಬೈಲ್ ಫೋನಿನ ತೆರೆಯಲ್ಲಿ ಒತ್ತುವ ಜಾಗವು 44 ಅಂಶಗಳಷ್ಟಾದರೂ ಇರಲಿ ಎಂದು ಆಪಲ್ ಕಂಪನಿಯೂ, ತನ್ನ ಮಾನದಂಡದಲ್ಲಿ 48 ಅಂಶಗಳಷ್ಟಿರಲಿ ಎಂದು ಆಂಡ್ರಾಯ್ಡ್ ವ್ಯವಸ್ಥೆಯೂ ಸೂಚಿಸುತ್ತವೆ. ಎರಡನೆಯದು ಅಳತೆಪಟ್ಟಿಯಲ್ಲಿ ಸುಮಾರು 9 ಮಿಲಿಮೀಟರು. ಬೀಡಿ ಕಟ್ಟಿ, ಅಡಕೆ ಸುಲಿದು ಒರಟಾದ ಹೆಬ್ಬೆರಳಿಗೆ ಇದಕ್ಕಿಂತ ಕಿರಿದಾದ ಗುಂಡಿ ಸಿಗಲಾರದು. ಅಂಗವಿಕಲರಿಗೂ ಜಾಲತಾಣಗಳು ಎಟುಕುವಂತಿರಬೇಕೆಂದು ರೂಪಿಸಲಾದ ಅಂತಾರಾಷ್ಟ್ರೀಯ ಮಾರ್ಗಸೂಚಿಯ 2023ರ ಆವೃತ್ತಿಯು, ಕೆಲವು ವಿನಾಯಿತಿಗಳೊಡನೆ, ಉದ್ದಗಲ 24 ಪಿಕ್ಸೆಲ್‌ಗಳಿಗಿಂತ ಕಿರಿದಾಗಕೂಡದೆಂದು ವಿಧಿಸುತ್ತದೆ. 44 ಇದ್ದರೆ ಉತ್ತಮವೆನ್ನುತ್ತದೆ.

ಬಣ್ಣದ ವಿಚಾರಕ್ಕೂ ಲೆಕ್ಕವಿದೆ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ, ಸಾಮಾನ್ಯ ಗಾತ್ರದ ಅಕ್ಷರಗಳಲ್ಲಿ, 4.5ಕ್ಕೆ 1ರ ಪ್ರಮಾಣದಲ್ಲಾದರೂ ಇರಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರವಾದರೆ ಈ ಪ್ರಮಾಣ 21ಕ್ಕೆ 1. ಬೂದಿಯ ಮೇಲೆ ತಿಳಿಬೂದಿ ಅಕ್ಷರ ನೋಡಲು ನಯವಾದರೂ ಅಂಗಳದ ಬಿಸಿಲಿನಲ್ಲಿ ನಿಂತವರಿಗೆ ಕಾಣದು. ಕೆಂಪು ಎಂದರೆ ಅಪಾಯ, ಹಸಿರು ಎಂದರೆ ಸುರಕ್ಷಿತ ಎಂದು ಬಣ್ಣವೊಂದನ್ನೇ ನಂಬುವುದೂ ತಪ್ಪು. ಈ ಎರಡರ ಭೇದ ಕಾಣದ ಕಣ್ಣುಗಳೂ ನಮ್ಮ ನಡುವೆ ಇವೆ. ಬಣ್ಣದೊಡನೆ ಮಾತೂ ಇರಬೇಕು.

ಒಂದು ಪುಟದಲ್ಲಿ ಮುಖ್ಯವಾದ ಗುಂಡಿ ಒಂದೇ ಇರಲಿ ಎಂಬುದು ನಾವು ಪಾಲಿಸಿದ ನಿಯಮ. ಅದಕ್ಕೆ ತುಂಬು ಬಣ್ಣ. ಉಳಿದವಕ್ಕೆ ಬರಿಯ ಅಂಚು. ಮದುವೆಯ ಮನೆಯಲ್ಲಿ ಎಲ್ಲರೂ ಬಾಸಿಂಗ ಕಟ್ಟಿಕೊಂಡರೆ ಮದುಮಗ ಯಾರೆಂದು ತಿಳಿಯುವುದು ಹೇಗೆ? ಒಮ್ಮೆ ಒತ್ತಿದ ಮೇಲೆ "ಕಳುಹಿಸಲಾಗುತ್ತಿದೆ, ಸ್ವಲ್ಪ ತಾಳಿ" ಎಂದು ಗುಂಡಿಯೇ ಹೇಳುವಂತೆಯೂ ಮಾಡಿದೆವು. ಇಲ್ಲವಾದರೆ, ನಮ್ಮ ಊರಿನ ನಿಧಾನ ಸಂಪರ್ಕದಲ್ಲಿ, ಏನೂ ಆಗಲಿಲ್ಲವೆಂದು ತಿಳಿದು ಜನರು ಮೂರು ಬಾರಿ ಒತ್ತುತ್ತಾರೆ. ಒಂದೇ ಅರ್ಜಿ ಮೂರಾಗಿ ಹೋಗುತ್ತದೆ.

ಗುಂಡಿಯ ಮಾತು

ಕನ್ನಡ ಅಧ್ಯಾಪಕನಾದ ನನಗೆ ಅತ್ಯಂತ ಆಸಕ್ತಿಕರವಾದದ್ದು ಈ ಭಾಗ. ಗುಂಡಿಯ ಮೇಲೆ ಏನೆಂದು ಬರೆಯಬೇಕು?

ಇಂಗ್ಲಿಷಿನಲ್ಲಿ ಬರೆದಿಟ್ಟ ವಸ್ತುವನ್ನು ಕಾಪಿಡಲು ಒಂದು ಪದ, ತೆಗೆದುಹಾಕಲು ಮತ್ತೊಂದು ಪದ. ಎರಡಕ್ಕೂ ರೂಪದಲ್ಲಿ ಸಂಬಂಧವಿಲ್ಲ. ಕನ್ನಡದಲ್ಲಿ ಬಹುತೇಕ ಎಲ್ಲ ಕಡೆಯೂ ಇವನ್ನು "ಉಳಿಸು" ಮತ್ತು "ಅಳಿಸು" ಎಂದು ಬರೆಯುತ್ತಾರೆ. ನಾವೂ ಹಾಗೆಯೇ ಬರೆದೆವು. ಎಂಬತ್ತರ ಹೊಸ್ತಿಲಲ್ಲಿರುವ ನನ್ನ ತಾಯಿಯವರನ್ನು ಕೂರಿಸಿ, ಹಳೆಯ ವಿದ್ಯಾರ್ಥಿನಿಯರ ಪಟ್ಟಿಯಲ್ಲಿ ಅವರ ಹೆಸರನ್ನು ಅವರಿಂದಲೇ ಸೇರಿಸೋಣವೆಂದು ಮೊಬೈಲನ್ನು ಕೈಗಿತ್ತೆವು. ಅವರು ನಿಧಾನವಾಗಿ ಹೆಸರನ್ನು ಬರೆದು, ಮೆಲ್ಲನೆ "ಅಳಿಸು" ಎಂಬುದನ್ನು ಒತ್ತಿದರು. ಹೆಸರು ಹೋಯಿತು. "ಇದೇನು ಮಗ, ಉಳಿಸುವುದನ್ನೂ ಅಳಿಸುವುದನ್ನೂ ಪಕ್ಕಪಕ್ಕದಲ್ಲೇ ಇಟ್ಟಿದ್ದೀರಿ? ಉಕಾರ ಯಾವುದು, ಅಕಾರ ಯಾವುದು ಎಂದು ನನ್ನ ಕಣ್ಣಿಗೆ ತಿಳಿಯಬೇಕಲ್ಲ!" ಎಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೊದಲ ಅಕ್ಷರವೊಂದನ್ನು ಬಿಟ್ಟರೆ ಎರಡು ಪದಗಳೂ ಒಂದೇ. ಬದುಕಿಗೂ ನಾಶಕ್ಕೂ ನಡುವೆ ಒಂದೇ ಅಕ್ಷರದ ಅಂತರ. ಸಣ್ಣ ತೆರೆಯಲ್ಲಿ, ಮಂದವಾದ ಕಣ್ಣಿಗೆ, ಅಷ್ಟು ಅಂತರ ಸಾಲದು. ನನ್ನನ್ನು ಕೆಡವಿದವರ ತಪ್ಪನ್ನೇ ನಾವೂ ನಮ್ಮ ನುಡಿಯಲ್ಲಿ ಮಾಡಿದ್ದೆವು! ಅಂದೇ "ಅಳಿಸು" ಎಂಬುದನ್ನು "ತೆಗೆದುಹಾಕು" ಎಂದು ಬದಲಿಸಿ, ಪುಟದ ಇನ್ನೊಂದು ತುದಿಗೆ ಒಯ್ದು, ಅದನ್ನು ಒತ್ತಿದರೆ "ಈ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಬೇಕೇ?" ಎಂಬ ಪ್ರಶ್ನೆ ಬರುವಂತೆ ಮಾಡಿದೆವು. ಉತ್ತರದ ಗುಂಡಿಗಳಲ್ಲಿಯೂ "ಹೌದು, ಇಲ್ಲ" ಎನ್ನದೆ "ತೆಗೆದುಹಾಕು" ಮತ್ತು "ಬೇಡ, ಇರಲಿ" ಎಂದು ಬರೆದೆವು. ಪ್ರಶ್ನೆಯನ್ನು ಪೂರ್ತಿ ಓದದವರಿಗೂ ಗುಂಡಿಯೇ ಅರ್ಥ ಹೇಳಬೇಕು. ಇನ್ನೊಂದು ವಿನೋದವನ್ನು ನೀವೂ ಕಂಡಿರಬಹುದು. "ಅರ್ಜಿಯನ್ನು ರದ್ದು ಮಾಡಬೇಕೇ?" ಎಂದು ಕೇಳಿ ಕೆಳಗೆ "ಸರಿ" ಮತ್ತು "ರದ್ದು" ಎಂಬ ಎರಡು ಗುಂಡಿಗಳನ್ನಿಡುತ್ತಾರೆ. ರದ್ದು ಎಂದರೆ ಅರ್ಜಿ ರದ್ದೋ, ರದ್ದು ಮಾಡುವುದೇ ರದ್ದೋ? ತರ್ಕಶಾಸ್ತ್ರ ಓದಿದವರೂ ಇಲ್ಲಿ ತಡವರಿಸುತ್ತಾರೆ.

ಎರಡನೆಯ ಜಿಜ್ಞಾಸೆ ಗೌರವದ್ದು. ಗುಂಡಿಯ ಮೇಲೆ "ಕಳುಹಿಸು" ಎನ್ನಬೇಕೋ "ಕಳುಹಿಸಿ" ಎನ್ನಬೇಕೋ? ಇಂಗ್ಲಿಷಿಗೆ ಈ ಚಿಂತೆಯಿಲ್ಲ. ಗುಂಡಿ ಯಾರ ಮಾತು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಅದು ಮನುಷ್ಯನು ಯಂತ್ರಕ್ಕೆ ಕೊಡುವ ಅಪ್ಪಣೆಯಾದರೆ ಏಕವಚನ ಸಲ್ಲುತ್ತದೆ. ಯಂತ್ರವು ಮನುಷ್ಯನನ್ನು ಕೇಳಿಕೊಳ್ಳುವ ಮಾತಾದರೆ ಬಹುವಚನವೇ ಮರ್ಯಾದೆ. ಹಲವು ಜಾಲತಾಣಗಳಲ್ಲಿ ಎಲ್ಲೆಡೆ ಬಹುವಚನವಿರುವುದನ್ನು ನನ್ನ ಶಿಷ್ಯ ತೋರಿಸಿದ, ಅದೂ ತಪ್ಪಲ್ಲ. ಕೊನೆಗೆ ನಾವು, ಗುಂಡಿಯ ಮೇಲೆ "ಅರ್ಜಿ ಕಳುಹಿಸು" ಎಂದೂ, ಚೌಕದ ಮೇಲೆ "ನಿಮ್ಮ ಹೆಸರನ್ನು ಬರೆಯಿರಿ" ಎಂದೂ ಇರಲೆಂದು ನಿಶ್ಚಯಿಸಿದೆವು. ಯಾವುದನ್ನೇ ಆರಿಸಿದರೂ ಪುಟದಿಂದ ಪುಟಕ್ಕೆ ಅದು ಬದಲಾಗಕೂಡದು. ಬರಿದೆ "ಸಲ್ಲಿಸು" ಎನ್ನುವುದಕ್ಕಿಂತ "ಅರ್ಜಿ ಕಳುಹಿಸು" ಎಂಬುದು ಲೇಸು. ಏನು ನಡೆಯಲಿದೆ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ.

ಮೂರನೆಯದು ನಮ್ಮ ಲಿಪಿಯ ಸಮಸ್ಯೆ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಪ್ರತ್ಯೇಕ ಓಣಿ ದೊರೆತಿತ್ತು. ಅದರಿಂದ ಅಕ್ಷರವೇನೋ ಯಂತ್ರದೊಳಗೆ ಬಂತು; ಆದರೆ ಗುಂಡಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಹೊಲಿದಿದ್ದರೆ ನಮ್ಮ ಒತ್ತಕ್ಷರಗಳು ಬುಡದಲ್ಲಿ ಕತ್ತರಿಸಿಹೋಗುತ್ತವೆ. ಉಪ್ಪಳ ಎಂಬ ನಮ್ಮ ಪೇಟೆ "ಉಪಳ" ಆಗುತ್ತದೆ. ಮುಳ್ಳೇರಿಯ "ಮುಳೇರಿಯ" ಆಗುತ್ತದೆ. ಬದಿಯಡ್ಕದ ಕೊನೆಯ ಒತ್ತು ಹೋದರೆ ಊರಿನ ಬಾಲವೇ ಹೋದಂತೆ. ಆದುದರಿಂದ ಗುಂಡಿಗೆ ಎತ್ತರವನ್ನಾಗಲಿ ಅಗಲವನ್ನಾಗಲಿ ಮೊಳೆಹೊಡೆದಂತೆ ಗೊತ್ತುಮಾಡದೆ, ಒಳಗಿನ ಮಾತಿಗೆ ತಕ್ಕಂತೆ ಬೆಳೆಯಲು ಬಿಡಬೇಕು. ಮೇಲೆ ಕೆಳಗೆ ಧಾರಾಳವಾಗಿ ತೆರವಿರಿಸಬೇಕು. ಬೆಳೆಯುವ ಮಕ್ಕಳಿಗೆ ಅಂಗಿ ಹೊಲಿಸುವಾಗ ತಾಯಂದಿರು ಬಟ್ಟೆ ಮಡಚಿ ಬಿಡುವುದಿಲ್ಲವೇ, ಹಾಗೆ.

ಇಳಿಪಟ್ಟಿಯ ಏರಿಳಿತ

ಇಳಿಪಟ್ಟಿಯ ಉಪಕಾರ ದೊಡ್ಡದು. ಹತ್ತಿಪ್ಪತ್ತು ಸಾಲುಗಳನ್ನು ಒಂದೇ ಸಾಲಿನ ಜಾಗದಲ್ಲಿ ಅಡಗಿಸಿಡುತ್ತದೆ. ಕಾಗುಣಿತದ ತಪ್ಪಿಗೆ ಎಡೆಗೊಡದು. ಆದರೆ ಅಡಗಿಸಿಡುವುದೇ ಅದರ ದೋಷವೂ ಹೌದು. ಒಳಗೆ ಏನಿದೆಯೆಂದು ತೆರೆಯದೆ ತಿಳಿಯದು. ಬ್ರಿಟಿಷ್ ಸರಕಾರದ ಜಾಲತಾಣಗಳಿಗಾಗಿ ಸಿದ್ಧಪಡಿಸಿದ ವಿನ್ಯಾಸದ ಕೈಪಿಡಿಯು, ಕೆಲವರಿಗೆ ಇಳಿಪಟ್ಟಿ ಬಹಳ ಕಷ್ಟವಾಗುವುದರಿಂದ ಬೇರೆ ದಾರಿಯಿಲ್ಲದಾಗ ಮಾತ್ರ ಬಳಸಿರಿ ಎನ್ನುತ್ತದೆ. ಆಯ್ಕೆಗಳು ನಾಲ್ಕೈದೇ ಇದ್ದರೆ ಎಲ್ಲವನ್ನೂ ಬಯಲಿನಲ್ಲಿಯೇ ಬರೆದು, ಪಕ್ಕದ ಸೊನ್ನೆಯನ್ನು ಮುಟ್ಟಿ ಗುರುತು ಮಾಡುವಂತಿರಲಿ. ಕಾಸರಗೋಡು ಜಿಲ್ಲೆಗೆ ನಾಲ್ಕು ತಾಲೂಕುಗಳು: ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ವೆಳ್ಳರಿಕುಂಡ್. ನಾಲ್ಕು ಹೆಸರಿಗೆ ಇಳಿಪಟ್ಟಿಯೇಕೆ?

ಹುಟ್ಟಿದ ವರ್ಷಕ್ಕೂ ಇಳಿಪಟ್ಟಿ ಸಲ್ಲದು. ಈ ವರ್ಷದಿಂದ ಆರಂಭವಾಗುವ ಪಟ್ಟಿಯಲ್ಲಿ ನನ್ನ ತಾಯಿಯವರು ತಮ್ಮ ವರ್ಷವನ್ನು ತಲಪಲು ಎಂಬತ್ತರ ಹತ್ತಿರ ಮೆಟ್ಟಿಲುಗಳನ್ನು ಇಳಿಯಬೇಕು. ದಿನ, ತಿಂಗಳು, ವರ್ಷ ಎಂದು ಮೂರು ಚೌಕಗಳಿಟ್ಟರೆ ಎಂಟು ಅಂಕೆಗಳಲ್ಲಿ ಕೆಲಸ ಮುಗಿಯಿತು. ರಾಜ್ಯಗಳ ಪಟ್ಟಿಗಾದರೆ ಇಳಿಪಟ್ಟಿ ಸಲ್ಲುತ್ತದೆ. 28 ರಾಜ್ಯಗಳು, 8 ಕೇಂದ್ರಾಡಳಿತ ಪ್ರದೇಶಗಳು, ಒಟ್ಟು 36 ಸಾಲುಗಳು. ಮೊದಲೆರಡು ಅಕ್ಷರ ಬರೆದೊಡನೆ ಪಟ್ಟಿ ಕಿರಿದಾಗುವಂತಿದ್ದರೆ ಇನ್ನೂ ಉತ್ತಮ.

ಪಟ್ಟಿಯ ಕ್ರಮದಲ್ಲಿಯೂ ಒಂದು ತೊಡಕಿದೆ. ಇಂಗ್ಲಿಷ್ ಅಕ್ಷರಕ್ರಮದ ಪಟ್ಟಿಯನ್ನು ಹಾಗೆಯೇ ಅನುವಾದಿಸಿದರೆ ಆಂಧ್ರಪ್ರದೇಶ, ಅರುಣಾಚಲ, ಅಸ್ಸಾಂ, ಬಿಹಾರ, ಛತ್ತೀಸಗಢ, ಗೋವಾ ಎಂದು ಬರುತ್ತದೆ. ಆಕಾರ ಅಕಾರಕ್ಕಿಂತ ಮುಂದೆ, ಬಕಾರ ಗಕಾರಕ್ಕಿಂತ ಮುಂದೆ! ವರ್ಣಮಾಲೆಯನ್ನು ಬಾಯಿಪಾಠ ಮಾಡಿದ ಕನ್ನಡಿಗನು ಇಲ್ಲಿ ತನ್ನ ರಾಜ್ಯವನ್ನು ಎಲ್ಲಿ ಹುಡುಕಬೇಕು? ಕನ್ನಡದ ಪಟ್ಟಿಗೆ ಕನ್ನಡದ ಕ್ರಮವೇ ಇರಬೇಕು. ಕೇರಳದ 14 ಜಿಲ್ಲೆಗಳನ್ನು ಹೀಗೆ ಜೋಡಿಸಿದಾಗ ಆಲಪ್ಪುಳ, ಇಡುಕ್ಕಿ, ಎರ್ನಾಕುಳಂ, ಕಣ್ಣೂರು ಆದ ಮೇಲೆ ಕಾಸರಗೋಡು ಐದನೆಯದಾಗಿ ಬರುತ್ತದೆ. ವಾಹನಗಳ ನೋಂದಣಿಯ ಕ್ರಮದಲ್ಲಿ ನಾವು 14ನೆಯವರು, ಕಟ್ಟಕಡೆಯವರು. ಎಷ್ಟೋ ಪಟ್ಟಿಗಳಲ್ಲಿ ನಾವು ಪೂರ್ತಿ ಕೆಳಗಿಳಿದು ನಮ್ಮನ್ನು ಹುಡುಕಿಕೊಳ್ಳುವುದು ಇದರಿಂದಲೇ.

ಪಟ್ಟಿಯ ಮೊದಲ ಸಾಲಿನಲ್ಲಿ "ಒಂದನ್ನು ಆರಿಸಿರಿ" ಎಂದಿರಬೇಕು. ಯಾವುದಾದರೊಂದು ಹೆಸರು ಮೊದಲೇ ಕುಳಿತಿರಕೂಡದು. ಕುಳಿತಿದ್ದರೆ, ಆರಿಸಲು ಮರೆತವರೆಲ್ಲರೂ ಅರಿಯದೆ ಆ ಊರಿನವರಾಗಿಬಿಡುತ್ತಾರೆ. ಇನ್ನು ಮೌಸಿನ ನೆರಳು ತಾಗಿದೊಡನೆ ತೆರೆದುಕೊಂಡು, ಓರೆಯಾಗಿ ಸರಿದೊಡನೆ ಮುಚ್ಚಿಕೊಳ್ಳುವ ಪಟ್ಟಿಗಳಿವೆ. ನಾಚಿಕೆಮುಳ್ಳಿನಂತೆ, ಮುಟ್ಟಲು ಹೋದರೆ ಮುದುಡುತ್ತವೆ. ಬೆರಳಿನಿಂದ ಬಳಸುವ ಮೊಬೈಲಿನಲ್ಲಿ ನೆರಳು ತಾಗುವುದೆಂಬುದೇ ಇಲ್ಲ. ಒತ್ತಿದರೆ ತೆರೆಯಬೇಕು, ಮತ್ತೆ ಒತ್ತಿದರೆ ಮುಚ್ಚಬೇಕು. ಇದೇ ನೇರವಾದ ದಾರಿ.

ರಾಜ್ಯ ಬೇರೆ, ನುಡಿ ಬೇರೆ

ಈಗ ನಮ್ಮಂತಹವರಿಗೆ ಮುಖ್ಯವಾದ ಮಾತು. ಕೆಲವು ಜಾಲತಾಣಗಳು ರಾಜ್ಯದ ಇಳಿಪಟ್ಟಿಯಲ್ಲಿ ಕೇರಳವನ್ನು ಆರಿಸಿದೊಡನೆ ಭಾಷೆಯನ್ನು ತಾವೇ ಮಲಯಾಳವೆಂದು ಗೊತ್ತುಮಾಡಿಬಿಡುತ್ತವೆ. ಅಕ್ಕಲಕೋಟೆಯ, ಜತ್ತಿನ ಕನ್ನಡಿಗರಿಗೆ ಮರಾಠಿ, ತಾಳವಾಡಿಯವರಿಗೆ ತಮಿಳು, ಆದೋನಿಯವರಿಗೆ ತೆಲುಗು ಹೀಗೆಯೇ ಬಂದೀತು. ಆ ಭಾಷೆಗಳ ಮೇಲೆ ನಮಗೆ ಅನಾದರವಿಲ್ಲ. ಅವು ನಮ್ಮ ನೆರೆಯ, ನಮ್ಮ ಸಂತೆಯ, ನಮ್ಮ ಗೆಳೆತನದ ಭಾಷೆಗಳು. ಆದರೆ ನೆಲದ ಗೆರೆಯೂ ನುಡಿಯ ಗೆರೆಯೂ ಒಂದೇ ಅಲ್ಲವೆಂಬುದು 1956ರ ನವೆಂಬರ್ 1ರಿಂದ ನಮ್ಮ ಮನೆಮನೆಯ ಅನುಭವ. ಸಂವಿಧಾನಕ್ಕೂ ಇದು ಗೊತ್ತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆಂಬ 350ಎ ವಿಧಿ ಸೇರಿದ್ದು ಅದೇ 1956ರ ತಿದ್ದುಪಡಿಯಲ್ಲಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ.

ಯಂತ್ರಶಾಸ್ತ್ರಕ್ಕೂ ಇದು ಗೊತ್ತಿಲ್ಲದ ವಿಷಯವಲ್ಲ. ಜಾಲದ ಪುಟಗಳಲ್ಲಿ ಭಾಷೆಗೆ ಒಂದು ಸಂಕೇತ, ದೇಶಕ್ಕೆ ಮತ್ತೊಂದು ಸಂಕೇತ. ಕನ್ನಡದ್ದು "ಕೆ ಎನ್" ಎಂಬ ಎರಡಕ್ಷರ. ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಲು ಅವಕಾಶವಿದೆ. ಹಾಗಿರುವಾಗ ರಾಜ್ಯದ ಪಟ್ಟಿ ಒಂದು, ನುಡಿಯ ಪಟ್ಟಿ ಇನ್ನೊಂದು ಇರಿಸಲು ತಂತ್ರದ ಅಡ್ಡಿ ಏನೂ ಇಲ್ಲ; ನೆನಪು ಬೇಕು, ಅಷ್ಟೆ. ನುಡಿಯ ಪಟ್ಟಿಯಲ್ಲಿ ಪ್ರತಿಯೊಂದು ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರಬೇಕು. ಬೇರೆ ಲಿಪಿಯಲ್ಲಿ ಬರೆದ "ಕನ್ನಡ"ವನ್ನು ಕನ್ನಡ ಮಾತ್ರ ಬಲ್ಲವರು ಓದುವುದು ಹೇಗೆ? ಮಾತೃಭಾಷೆಯ ಪಟ್ಟಿಯಲ್ಲಿ ತುಳು, ಕೊಂಕಣಿ, ಬ್ಯಾರಿಗಳೂ ಇರಲೆಂದು ನಾವು ಸೇರಿಸಿದೆವು. ನಮ್ಮ ತರಗತಿಯ ಮಕ್ಕಳಲ್ಲಿ ಹಲವರು ಮನೆಯಲ್ಲಿ ಆಡುವ ನುಡಿ ಅವು. "ಇತರ" ಎಂಬ ಸಾಲಿನಲ್ಲಿ ಅವರನ್ನು ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ.

ಕಣ್ಣಿಲ್ಲದವರ ಪರೀಕ್ಷೆ

ಕೊನೆಯ ಪರೀಕ್ಷೆಯನ್ನು ನಡೆಸಿದವರು ಹುಟ್ಟಿನಿಂದ ದೃಷ್ಟಿಯಿಲ್ಲದ, ಈಗ ಬೇರೊಂದು ಶಾಲೆಯಲ್ಲಿ ಅಧ್ಯಾಪಕರಾಗಿರುವ ನಮ್ಮ ಹಳೆಯ ವಿದ್ಯಾರ್ಥಿ. ಅವರು ತೆರೆಯನ್ನು ಕಿವಿಯಿಂದ ಓದುತ್ತಾರೆ. ಅದಕ್ಕಾಗಿ ಬಳಸುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದ ಮೈಕೆಲ್ ಕರನ್ ಅವರೂ ಅಂಧರೇ. ಮೌಸಿನ ಹಂಗಿಲ್ಲದೆ, ಟ್ಯಾಬ್ ಕೀಲಿಯಿಂದ ಮುಂದೆ ಸಾಗಿ, ಎಂಟರ್ ಕೀಲಿಯಿಂದ ಒತ್ತುತ್ತಾರೆ. ಎಚ್‌ಟಿಎಂಎಲ್ ಭಾಷೆಯ ನಿಜವಾದ ಗುಂಡಿಯಾದರೆ ತಂತ್ರಾಂಶವು ಅದನ್ನು ಗುರುತಿಸಿ, ಗುಂಡಿ ಎಂದೇ ಹೇಳುತ್ತದೆ. ಚಂದಕ್ಕಾಗಿ ಗುಂಡಿಯಂತೆ ಬಣ್ಣ ಬಳಿದ ಬರಿಯ ಚೌಕವಾದರೆ ಟ್ಯಾಬ್ ಕೀಲಿ ಅದನ್ನು ದಾಟಿಹೋಗುತ್ತದೆ. ಅವರ ಪಾಲಿಗೆ ಅದು ಇಲ್ಲವೇ ಇಲ್ಲ. ನಾವು ಹಾಗೆ ಬಣ್ಣ ಬಳಿದ ಎರಡು ಸುಳ್ಳು ಗುಂಡಿಗಳನ್ನು ಅವರು ಹತ್ತು ನಿಮಿಷದಲ್ಲಿ ಹಿಡಿದುಕೊಟ್ಟರು. "ಮಾಷ್ಟ್ರೇ, ನೀವು ಬೋರ್ಡಿನಲ್ಲಿ ಬರೆಯುವುದನ್ನೆಲ್ಲ ನನಗಾಗಿ ಗಟ್ಟಿಯಾಗಿ ಓದುತ್ತಿದ್ದಿರಿ. ಇದಕ್ಕೂ ಹಾಗೆ ಓದಲು ಕಲಿಸಿ" ಎಂದರು. ಅಂದೇ ತಿದ್ದಿದೆವು.

ಇದರಲ್ಲಿ ಖರ್ಚಿನ ಮಾತೇನೂ ಇಲ್ಲ. ಮೊದಲ ಮಾದರಿಯನ್ನು ನಮ್ಮ ಏಳನೆಯ ತರಗತಿಯ ಮಕ್ಕಳು ರಟ್ಟಿನ ಮೇಲೆ ಬರೆದದ್ದು. ಗುಂಡಿಗಳನ್ನು ಕತ್ತರಿಸಿ ಅಂಟಿಸಿ, ತಮ್ಮ ಅಜ್ಜ ಅಜ್ಜಿಯರ ಮುಂದಿಟ್ಟು, "ಹೆಸರು ಸೇರಿಸಲು ಯಾವುದನ್ನು ಒತ್ತುತ್ತೀರಿ?" ಎಂದು ಕೇಳಿ ಬಂದರು. ಎಲ್ಲಿ ಬೆರಳು ತಡೆಯಿತೋ ಅಲ್ಲಿ ಗುರುತು ಹಾಕಿಕೊಂಡು ಬಂದರು. ಸಂಘ ಸಂಸ್ಥೆಗಳ ಹಿರಿಯರಲ್ಲಿ ನನ್ನ ವಿಜ್ಞಾಪನೆಯೂ ಇದೇ. ಜಾಲತಾಣವನ್ನು ಮಾಡಿಸುವಾಗ, ಉದ್ಘಾಟನೆಯ ದಿನಕ್ಕೆ ಮುಂಚೆ, ನಿಮ್ಮ ಊರಿನ ಒಬ್ಬ ವೃದ್ಧರ, ಒಬ್ಬ ದೃಷ್ಟಿಹೀನರ, ಕನ್ನಡವನ್ನು ಮಾತ್ರ ಬಲ್ಲ ಒಬ್ಬ ತಾಯಿಯ ಕೈಗೆ ಅದನ್ನು ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿರಿ. ಹೇಳಿಕೊಡಬೇಡಿರಿ. ಅವರ ಬೆರಳು ತಪ್ಪಿದಲ್ಲಿ ಗುಂಡಿಯನ್ನು ತಿದ್ದಿರಿ.

ಈ ಜೂನಿನಲ್ಲಿ ಆ ತಾಯಿ ಮತ್ತೆ ಶಾಲೆಗೆ ಬಂದಿದ್ದರು, ಚಿಕ್ಕ ಮಗನನ್ನು ಒಂದನೆಯ ತರಗತಿಗೆ ಸೇರಿಸಲು. ನಾನು ಮೊಬೈಲನ್ನು ಅವರ ಕೈಗೇ ಕೊಟ್ಟೆ. ಅವರು ಓದುತ್ತ ಓದುತ್ತ, ಒಂದು ಕಡೆ ನಿಂತು, ಹಿಂದಕ್ಕೆ ಹೋಗಿ ತಿದ್ದಿ, ಕೊನೆಯ ಗುಂಡಿಯನ್ನು ತಾವೇ ಒತ್ತಿದರು. "ನಿಮ್ಮ ಅರ್ಜಿ ಶಾಲೆಗೆ ತಲಪಿದೆ" ಎಂಬ ಸಾಲು ಬಂತು. "ಹೋಯಿತಾ ಮಾಷ್ಟ್ರೇ?" ಎಂದು ಅಭ್ಯಾಸಬಲದಿಂದ ಕೇಳಿದರು.

"ಬಂತು" ಎಂದೆ.